ನಿನ್ನ ದಿನ, ನನ್ನ ದಿನ

ಔಷಧಿ ಅಂಗಡಿಯಲ್ಲಿ ನನ್ನ ಮುಂದೆ ನಿಂತಿದ್ದ ನರೆಗೂದಲಿನ ಹೆಂಗಸು ಮನೆಯಲ್ಲಿದ್ದ ಅಕ್ಕನಿಗೆ ಫೋನ್ ಮಾಡಿದರು. ಸ್ಪೀಕರ್ ಹಾಕಿದ್ದರಿಂದ ಅಕ್ಕನ ಮಾತೂ ಅಂಗಡಿಗೆಲ್ಲ ಕೇಳುತ್ತಿತ್ತು.

"ಅಕ್ಕಾ, ನಮ್ಮ ಮಂಡಿನೋವಿನ ಮಾತ್ರೆ ಈಗ ಬಿಳಿ ಬಣ್ಣದ್ದು ಬಂದಿದೆ."

"ನಮ್ದು ಗುಲಾಬಿ ಅಲ್ವಾ? ಏನೋ ಮೋಸ ಇರ್ಬೇಕು. ಬೇಡ ಅನ್ನು."

"ಔಷಧಿ ಅದೇ ಅಂತೆ. ಹಳೇ ಕಂಪನಿಯ ಪೇಟೆಂಟ್ ಮುಗೀತಂತೆ."

"ಅದು ಮುಗಿದ್ರೆ ನಮಗೇನು?"

"ಇಷ್ಟು ವರ್ಷ ಬೇರೆ ಯಾರೂ ಆ ಮಾತ್ರೆ ಮಾಡೋ ಹಾಗಿರಲಿಲ್ಲ. ಈಗ ಆರು ಕಂಪನಿಗಳು ನಾ ಮುಂದು ತಾ ಮುಂದು ಅಂತ ಮಾಡ್ತಿವೆಯಂತೆ. ಬೆಲೆ ಕಾಲು ಭಾಗಕ್ಕೆ ಇಳಿದಿದೆ!"

"ಕಾಲು ಭಾಗಾನಾ? ಇನ್ನೊಂದ್ಸಲ ಕೇಳು."

"ಮೂರು ಸಲ ಕೇಳಾಯ್ತು. ಅಂಗಡಿಯವರು ನಗ್ತಿದ್ದಾರೆ."

"ಹಾಗಾದ್ರೆ ಇನ್ಮೇಲೆ ಒಂದೇ ಸ್ಟ್ರಿಪ್ ಇಬ್ರೂ ಹಂಚ್ಕೊಳ್ಳೋದು ಬೇಡ್ವಾ?"

"ಬೇಡ. ಒಂದು ದಿನ ನೀನು, ಒಂದು ದಿನ ನಾನು ಅನ್ನೋದೂ ಬೇಡ. ಡಾಕ್ಟ್ರು ಬರೆದ ಹಾಗೆ ದಿನಾ ಒಬ್ಬೊಬ್ಬರಿಗೂ ಒಂದೊಂದು."

"ನುಂಗಿದವಳು ಹೊರಗಿನ ಕೆಲಸಕ್ಕೆ, ನುಂಗದವಳು ಕುರ್ಚೀಲಿ ಅನ್ನೋದು?"

"ಅದೂ ಮುಗೀತು. ನಾಳೆ ಬೆಳಿಗ್ಗೆ ಇಬ್ರೂ ಪಾರ್ಕಿಗೆ ಹೋಗೋಣ."

ಫೋನಿನಲ್ಲಿ ಮೇಜಿನ ಡ್ರಾಯರ್ ಎಳೆದ ಸದ್ದು ಕೇಳಿಸಿತು.

"ಏನು ಮಾಡ್ತಿದ್ದೀಯ ಅಕ್ಕಾ?"

"ಮನೆ ಬೀಗ ಹುಡುಕ್ತಿದ್ದೀನಿ ಕಣೇ. ನಾಲ್ಕು ವರ್ಷದಿಂದ ಹಾಕೇ ಇಲ್ವಲ್ಲ!"

"ಹೊಸದೇ ತರ್ತೀನಿ ಬಿಡು," ಎಂದು ತಂಗಿ ಎರಡು ಸ್ಟ್ರಿಪ್ ಚೀಲಕ್ಕೆ ಹಾಕಿಕೊಂಡು, ನಗುತ್ತಲೇ ಮೆಟ್ಟಿಲಿಳಿದು ಹೋದರು.