ಮಾವನ ಮೈಯಲ್ಲಿ ನನ್ನ ರಕ್ತ

...ಅಲ್ಲಾಡಬೇಡಿ ಮಾವ, ಅಲ್ಲಾಡಬೇಡಿ! ಕೈಯಲ್ಲಿ ರೇಜರ್ ಉಂಟು. ಬಾಯಿಯಂತೂ ತೆರೆಯಲೇಬೇಡಿ, ನೊರೆ ಒಳಗೆ ಹೋಗ್ತದೆ. ನಾನು ಹೇಳ್ತೇನೆ, ನೀವು ಕೇಳಿ. ಏನು, ಅಳಿಯ ದಯಾನಂದನಿಗೆ ಇವತ್ತೇ ಯಾಕೆ ಇಷ್ಟು ಭಕ್ತಿ ಅಂತಲಾ? ಎಂತ ಮಾವ ನೀವು! ಬಲಗೈಗೆ ಪ್ಲಾಸ್ಟರ್ ಹಾಕಿಕೊಂಡು ಐರೋಲಿಯ ಸಲೂನಿನಲ್ಲಿ ಒಂದು ಗಂಟೆ ಕಾಯ್ತೀರಾ? ಮನೆಯಲ್ಲಿ ನಾನಿರುವಾಗ?

ಹ್ಞಾಂ, ಗದ್ದ ಸ್ವಲ್ಪ ಮೇಲೆ. ಹಾಗೆ.

ನಾನು ಹೇಳ್ತಾ ಇದ್ದದ್ದು... ಪ್ರಣೀತಾಳ ಶಾಲೆಯ ಸೈನ್ಸ್ ಎಕ್ಸಿಬಿಷನ್. ನೀವು ಬರುವುದು ಬೇಡ. ನಿಮ್ಮ ಮೊಣಕಾಲಿಗೆ ಹೇಳುವುದು ಮಾರಾಯ್ರೇ! ಮೂರನೇ ಮಾಳಿಗೆ, ಲಿಫ್ಟ್ ಇಲ್ಲ. ತಾಯಿ ಮಗಳು ಸ್ಟಾಲ್ ಹಾಕ್ಲಿಕ್ಕೆ ಆಗ್ಲೇ ಹೋಗಿ ಆಯ್ತು. ಅಜ್ಜನಿಗೆ ಸುಸ್ತು ಅಂತ ಫೋನ್ ಮಾಡಿಬಿಡ್ತೇನೆ.

ಯಾಕೆ ಹುಬ್ಬು ಹಾರಿಸ್ತೀರಿ? ಗೊತ್ತುಂಟು, ಗೊತ್ತುಂಟು, ಮೊಮ್ಮಗಳು ಕೈಗೆ ಮೈಕ್ ಕೊಡ್ತಾಳಂತೆ. "ಅಜ್ಜಾ, ಪಪ್ಪಾ ನೇ ಬ್ಲಡ್ ದಿಯಾ ಥಾ ನಾ, ವೋ ಸ್ಟೋರಿ ಬತಾನಾ!" ಅಪ್ಪ ರಕ್ತ ಕೊಟ್ಟು ಅಜ್ಜನನ್ನು ಉಳಿಸಿದ ಕಥೆ ಊರಿಗೆಲ್ಲ ಹೇಳಬೇಕಂತೆ.

ಅವಳ ಪ್ರಾಜೆಕ್ಟೇ ರಕ್ತದ ಗುಂಪಿನದ್ದು. ಲ್ಯಾಂಡ್‌ಸ್ಟೈನರ್ ಅಂತ ವಿಯೆನ್ನಾದಲ್ಲಿ ಒಬ್ಬ ಡಾಕ್ಟರು, ನೂರು ಚಿಲ್ಲರೆ ವರ್ಷದ ಹಿಂದೆ... ಪಾಪ, ಅವನಿಗೆ ಬೇರೆ ಕೆಲಸ ಇರಲಿಲ್ಲ ಕಾಣ್ತದೆ! ಲ್ಯಾಬಿನಲ್ಲಿ ಇದ್ದವರ ರಕ್ತ ತೆಗೆದು, ಇವನದ್ದು ಅವನದ್ದಕ್ಕೆ, ಅವನದ್ದು ಇವನದ್ದಕ್ಕೆ ಬೆರೆಸಿ ನೋಡಿದನಂತೆ. ಕೆಲವು ಸೇರಿತು, ಕೆಲವು ಒಡೆದ ಹಾಲಿನ ಹಾಗೆ ಗಂಟು ಗಂಟಾಯ್ತು. ಅಲ್ಲಿಂದ ಶುರು ನೋಡಿ ನನ್ನ ತಲೆಬಿಸಿ.

ಎಂತ ತಲೆಬಿಸಿ ಅಂದ್ರೆ... ಏನಿಲ್ಲ. ಚಾರ್ಟಿನಲ್ಲಿ ನಮ್ಮ ಹೆಸರು ಹಾಕಿದ್ದಾಳೆ. ಅಜ್ಜ ಓ, ಪಪ್ಪ ಎಬಿ. ಓ ಗುಂಪಿನವರಿಗೆ ಓ ಮಾತ್ರ ಆಗುವುದಂತೆ. ಅವಳಿಗೆ ಇನ್ನೂ ಹೊಳೆದಿಲ್ಲ. ನೀವು ಮೈಕಿನಲ್ಲಿ ಕಥೆ ಹೇಳಿ, ಪಕ್ಕದಲ್ಲೇ ಆ ಚಾರ್ಟು ನೇತಾಡಿ, ಯಾರಾದರೂ ಟೀಚರ್ ಬಾಯಿ ಹಾಕಿದರೆ?

ನಗ್ತೀರಾ? ನಗಬೇಡಿ, ಬ್ಲೇಡ್ ಹೊಸತು! ನೋಡಿ, ಆ ಲ್ಯಾಂಡ್‌ಸ್ಟೈನರನಿಗೇ ಮೊದಲು ಎಬಿ ಸಿಕ್ಕಿರಲಿಲ್ಲವಂತೆ. ಮರುವರ್ಷ ಅವನ ಕಡೆಯವರು ಯಾರೋ ಹುಡುಕಿದ್ದು. ಅಂಥವನಿಗೇ ನನ್ನ ಗುಂಪು ತಪ್ಪಿ ಹೋಗಿತ್ತು, ಇನ್ನು ಶಾಲೆಯ ಚಾರ್ಟನ್ನು ನಂಬುವುದಾ? ಮತ್ತೆ ಅದಕ್ಕೂ ಹಿಂದೆ, ಫ್ರಾನ್ಸಿನಲ್ಲಿ ಒಬ್ಬ ಹುಡುಗನಿಗೆ ಕುರಿಮರಿಯ ರಕ್ತ ಕೊಟ್ಟಿದ್ದರಂತೆ. ಬದುಕಿದ! ಕುರಿಯದ್ದು ಆಗ್ತದೆ, ಅಳಿಯನದ್ದು ಆಗುವುದಿಲ್ವಾ?

ಅಥವಾ ಬ್ಲಡ್ ಬ್ಯಾಂಕಿನವರು ನನ್ನದನ್ನು ಇಟ್ಟುಕೊಂಡು ನಿಮಗೆ ಬೇರೆಯದ್ದು ಕೊಟ್ಟಿರಬಹುದು... ಹೌದು, ನಿಶ್ಚಿತಾರ್ಥದ ದಿನ "ನನ್ನ ಬಾಟಲಿಯಿಂದ ನೇರ ಮಾವನ ಮೈಗೆ" ಅಂತ ಹೇಳಿದ್ದು ನಾನೇ. ಅದಕ್ಕೆ ಈಗ ಎಂತ? ನೀವು ಕಮ್ಮಿಯವರಾ? ಹೋಟೆಲಿನ ಗಲ್ಲಾದಲ್ಲಿ ಕೂರುವವನಿಗೆ ಮಗಳನ್ನು ಕೊಡುವುದಿಲ್ಲ ಅಂದವರು! ತೊಂಬತ್ತೆಂಟರಲ್ಲಿ ಮಾಜಿವಾಡಾದ ರಸ್ತೆಯಲ್ಲಿ ನಿಮಗೆ ಟೆಂಪೋ ಬಡಿಯಿತು. ಆಪರೇಷನ್ ಆಗಿ ನೀವು ಕಣ್ಣು ಬಿಟ್ಟಾಗ ಪಕ್ಕದ ಮಂಚದಲ್ಲಿ ನಾನು, ಕೈಗೆ ಹತ್ತಿ. ನೀವೇ ನನ್ನ ಕೈ ಹಿಡಿದು ಅತ್ತಿರಿ. ಆಮೇಲೆ ಹದಿನಾರು ವರ್ಷ, "ನನಗೀಗ ಸಿಟ್ಟು ಜಾಸ್ತಿ, ದಯಾನಂದನ ರಕ್ತ ಅಲ್ವಾ" ಅಂತ ಕಂಡಕಂಡವರಿಗೆ ಹೇಳಿಕೊಂಡು...

ತುಟಿ ಒಳಗೆ ಎಳೀರಿ, ಮೀಸೆಯ ಹತ್ತಿರ ಸ್ವಲ್ಪ... ಅಯ್ಯೋ! ಕೆಂಪು... ಮಾವ, ರಕ್ತ! ನಿಮ್ಮದು... ಇಳೀತಾ ಉಂಟು... ಕುರ್ಚಿ... ಕುರ್ಚಿ ಎಲ್ಲಿ...

...ಹ್ಞಾಂ? ಎದ್ದೆ, ಎದ್ದೆ. ಈ ಒದ್ದೆ ಟವೆಲ್ ನೀವಾ ಇಟ್ಟದ್ದು, ಒಂದೇ ಕೈಯಲ್ಲಿ? ಏನಿಲ್ಲ ಮಾವ, ತಿಂಡಿ ತಿಂದಿರಲಿಲ್ಲ, ಪಿತ್ತ ಏರಿತು... ಯಾಕೆ ಹಾಗೆ ನೋಡ್ತೀರಿ? ಈಗ ಬಾಯಿಯ ಹತ್ತಿರ ನೊರೆಯೂ ಇಲ್ಲ. ಬೈಯಿರಿ. ಏನಾದ್ರೂ ಹೇಳಿ ಮಾರಾಯ್ರೇ...

ಆಯ್ತು. ನಾನು ಕೊಡಲಿಲ್ಲ.

ಕೊಟ್ಟದ್ದು ವಿನೋದಾ, ನಿಮ್ಮ ಮಗಳು. ಅವಳದ್ದೂ ಓ. ನನ್ನ ಬೆರಳಿಗೆ ಸೂಜಿ ತಾಗಿದ ಕೂಡಲೇ ಬಿದ್ದೆ. ಎದ್ದು ಪುನಃ ಕೈ ಚಾಚಿದೆ, ಪುನಃ ಬಿದ್ದೆ. ಮೂರನೇ ಸಲ ಬಿದ್ದಾಗ ನರ್ಸೇ ಕೈಮುಗಿದಳು. ಆ ಹತ್ತಿ ನನಗೆ ಗ್ಲುಕೋಸ್ ಹಾಕಿದ್ದರದ್ದು. "ಅಪ್ಪ ಹಾಗೆ ತಿಳ್ಕೊಂಡಿದ್ರೆ ತಿಳ್ಕೊಳ್ಳಲಿ, ನಮ್ಮ ಮದುವೆ ಆಗಲಿ" ಅಂದಳು ವಿನೋದಾ. ಹೇಳಬೇಕು ಅಂತ ಎಷ್ಟೋ ಸಲ ನಿಮ್ಮ ಹತ್ತಿರ ಬಂದು ಕೂತೆ. ಹೆದರಿಕೆ ಆಯ್ತು ಮಾವ. ರಕ್ತ ನನ್ನದಲ್ಲ ಅಂತಾದರೆ ನಿಮ್ಮ ಕಣ್ಣಿಗೆ ನಾನು ಪುನಃ ಆ ಗಲ್ಲಾದವನೇ ಆಗ್ತೇನೆ ಅಂತ.

ನಿಮಗೆ ಆಶ್ಚರ್ಯವೇ ಆಗ್ಲಿಲ್ವಾ?

ಮಾವ... ಗೊತ್ತಿತ್ತಾ? ವಿನೋದಾ ಹೇಳಿದ್ದಾ? ಅಲ್ಲ? ಮತ್ತೆ ಹೇಗೆ... ನಿಮ್ಮ ಕಣ್ಣನ್ನೇ ತೋರಿಸ್ತೀರಿ... ಆ ದಿನ ಸ್ಟ್ರೆಚರಿನಲ್ಲಿ ಮಲಗಿಕೊಂಡು ನೀವೇ ನೋಡಿದ್ದಾ? ಮೂರು ಬೆರಳು ತೋರಿಸ್ತೀರಿ... ಮೂರು ಸಲವೂ ನೋಡಿದ್ರಾ!

ಹಾಗಾದ್ರೆ ನನ್ನ ಕೈ ಹಿಡಿದು ಅತ್ತದ್ದು ಯಾಕೆ? ಹೇಳಿ ಮಾವ, ಯಾಕೆ?

ಎಂತ ಮಾಡ್ತೀರಿ... ಪುನಃ ಕೂತ್ರಾ? ಇನ್ನೊಂದು ಕೆನ್ನೆಯಾ? ಬೇಡ ಮಾವ, ಈಗಷ್ಟೇ ಬಿದ್ದು ಎದ್ದವನ ಕೈಗೆ ಪುನಃ ರೇಜರಾ... ಅಯ್ಯೋ ದೇವರೇ, ಕಣ್ಣನ್ನೂ ಮುಚ್ಚಿಬಿಟ್ರಲ್ಲ!