ಬೆಚ್ಚಗಿನ ಮೂಲೆ

ಮಳೆ ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು, ಕೊಡೆ ತರುವುದು ಮಾತ್ರ ಯಾರಿಗೂ ನೆನಪಿರಲಿಲ್ಲ. ಹಾಗಾಗಿ ಆ ಸಂಜೆ, ಹಳೆಯ ಹಳ್ಳಿಮನೆಗಳನ್ನು ಬಿಚ್ಚಿ ತಂದು ಬಯಲಿನಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದ್ದ ಮ್ಯೂಸಿಯಮ್ಮಿನಲ್ಲಿ, ಗೇಟಿನಿಂದ ಬಲು ದೂರದ ಹೆಂಚಿನ ಮನೆಯೊಂದರೊಳಗೆ ನಾಲ್ಕು ಜನ ಸಿಕ್ಕಿಹಾಕಿಕೊಂಡರು. ಮದುವೆಯಾಗಿ ಇನ್ನೂ ನಾಚಿಕೆ ಬಿಡದ ಒಂದು ಜೋಡಿ. ಬಸ್ಸಿನ ಕೆಲಸದಿಂದ ನಿವೃತ್ತರಾಗಿ, ಮಾತಿನಿಂದ ಮಾತ್ರ ನಿವೃತ್ತರಾಗದ ಒಬ್ಬ ಕಂಡಕ್ಟರು. ಮತ್ತು ಒಬ್ಬಳೇ ಬಂದಿದ್ದ ಟೈಲರಮ್ಮ.

ಉಳಿದವರು ನೋಡಲು ಬಂದವರು. ಟೈಲರಮ್ಮ ಬಂದದ್ದು ತೀರ್ಮಾನ ಮಾಡಲು. ಅವಳ ತವರುಮನೆಯೂ ಇಂಥದ್ದೇ. ಅದರ ಪಕ್ಕದಲ್ಲೇ ತಮ್ಮ ಹೊಸ ಮನೆ ಎಬ್ಬಿಸುತ್ತಿದ್ದ. ಹಳೆಯದನ್ನು ಕೆಡವುವ ಬದಲು ಮ್ಯೂಸಿಯಮ್ಮಿಗೆ ಕೊಟ್ಟುಬಿಡೋಣ ಅಂದಿದ್ದ; ಮ್ಯೂಸಿಯಮ್ಮಿನವರು ಹೋಗಿ ನೋಡಿ ಹೂಂ ಅಂದಿದ್ದರು. ಅಕ್ಕನ ಸಹಿ ಒಂದು ಬಾಕಿ. ಆದರೆ ಹೋದ ವರ್ಷ ಕಣ್ಣು ಮುಚ್ಚುವ ಮುಂಚೆ ಅಮ್ಮ ಅವಳ ಕೈ ಹಿಡಿದುಕೊಂಡು ಕೇಳಿದ್ದು ಒಂದೇ ಮಾತು: "ನನ್ನ ಒಲೆಗೆ ಮಾತ್ರ ಏನೂ ಮಾಡ್ಬೇಡಿ ಕಣೇ." ಸಹಿ ಹಾಕಿದರೆ ಆ ಮಾತು ಉಳಿಯುತ್ತದೋ ಹೋಗುತ್ತದೋ ಎಂದು ತಿಳಿಯದೆ ಅವಳು ಒದ್ದಾಡುತ್ತಿದ್ದಳು. ಹೊಲಿಗೆಯನ್ನು ಒಳಬದಿಯಿಂದ ತಿರುಗಿಸಿ ನೋಡುವ ತನ್ನ ಕಸುಬಿನ ಚಾಳಿಯಲ್ಲೇ ಮಧ್ಯಾಹ್ನವೆಲ್ಲ ಒಂದೊಂದು ಮನೆಯ ತೊಲೆ, ಬಾಗಿಲು, ಗೋಡೆಯ ಸಂದುಗಳನ್ನು ನೋಡಿದ್ದಳು. ಎಲ್ಲ ಅಚ್ಚುಕಟ್ಟಾಗಿತ್ತು. ಆದರೂ ಮನಸ್ಸು ಒಪ್ಪಿರಲಿಲ್ಲ.

ಈ ಮನೆಗೆ ನುಗ್ಗಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಒಳಗಿನ ಮೂಲೆಯ ಒಲೆ. ಬೆಂಕಿ ಮಂಕಾಗಿತ್ತು. ಪಕ್ಕದಲ್ಲಿ ಕಬ್ಬಿಣದ ಊದುಗೊಳವೆಯನ್ನು ಗೋಡೆಗೆ ಆನಿಸಿ ನೆಟ್ಟಗೆ ನಿಲ್ಲಿಸಲಾಗಿತ್ತು. ಅವಳು ಯಾರನ್ನೂ ಕೇಳದೆ ಕೊಳವೆ ಎತ್ತಿಕೊಂಡಳು, ನೆಲಕ್ಕೆ ಟಕ್ ಟಕ್ ಎಂದು ಕುಟ್ಟಿದಳು, ಊದಿದಳು, ಮತ್ತೆ ಅದೇ ಜಾಗದಲ್ಲಿ ಹಾಗೇ ನಿಲ್ಲಿಸಿದಳು. ಮುಟ್ಟಬಾರದು ಎಂದು ಬರೆದ ಹಲಗೆ ಕಂಡದ್ದು ಆಮೇಲೆ. ನಾಲಿಗೆ ಕಚ್ಚಿಕೊಂಡು ತಿರುಗಿದರೆ ಬಾಗಿಲಲ್ಲಿ ಬೀಗದಜ್ಜಿ ನಿಂತು ಅವಳನ್ನೇ ನೋಡುತ್ತಿದ್ದಳು.

ಬೀಗದಜ್ಜಿ ಅಂದರೆ ಅಲ್ಲಿನ ಮನೆಗಳ ಬಾಗಿಲು ತೆಗೆದು, ಗುಡಿಸಿ, ಸಂಜೆ ಮತ್ತೆ ಬೀಗ ಹಾಕುವವಳು. ಸೊಂಟದಲ್ಲಿ ಬೀಗದಕೈಗಳ ಗೊಂಚಲು, ಬಾಯಲ್ಲಿ ಅದಕ್ಕಿಂತ ಜೋರು ಸದ್ದು. ಆದರೆ ಬೈಗುಳ ಬರಲಿಲ್ಲ. ಅಜ್ಜಿ ಸುಮ್ಮನೆ ಚಾಪೆ ಹಾಸಿದಳು. ಒಲೆಯ ಮುಂದಿದ್ದ ಎರಡು ಮಣೆಗಳಲ್ಲಿ ಒಂದರ ಮೇಲೆ ಕೂರಲು ಹೋದ ಕಂಡಕ್ಟರನ್ನು, "ಅದು ಬೇಡ ಯಜಮಾನ್ರೇ, ಚಾಪೆಗೆ ಬನ್ನಿ" ಎಂದು ತಡೆದಳು.

"ಯಾಕಜ್ಜಿ, ಸೀಟು ರಿಸರ್ವ್ ಆಗಿದೆಯಾ? ಇಷ್ಟೊಂದು ಹಳೇ ಮನೆಗಳಿವೆ, ಒಂದು ದೆವ್ವ ಆದ್ರೂ ಇರ್ಬೇಕಲ್ಲ!" ಎಂದರು ಕಂಡಕ್ಟರು.

ಮದುಮಗಳು ಗಂಡನ ತೋಳು ಹಿಡಿದುಕೊಂಡಳು. ಅಜ್ಜಿ ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂತಳು.

"ದೆವ್ವ ಅನ್ಬೇಡಿ. ಕೇಳಿಸ್ಕೊಂಡ್ರೆ ಬೇಜಾರು ಮಾಡ್ಕೋತಾಳೆ..." ಎಂದಳು. ಮಳೆ ಹೆಂಚಿನ ಮೇಲೆ ಸುರಿಯುತ್ತಲೇ ಇತ್ತು. ಎಲ್ಲರೂ ಸ್ವಲ್ಪ ಹತ್ತಿರ ಸರಿದು ಕೂತರು.

"ಈ ಮನೆ ಇಲ್ಲಿಗೆ ಬಂದಾಗ ನಾನು ಕೆಲಸಕ್ಕೆ ಸೇರಿದ ಹೊಸದು. ಆಗ ನನ್ನ ಕೂದಲು ಕಪ್ಪಗಿತ್ತು... ನಗ್ಬೇಡಿ, ಇತ್ತು. ಮನೆ ತರೋದು ಅಂದ್ರೆ ಏನಂದ್ಕೊಂಡ್ರಿ? ತೊಲೆ ತೊಲೆಗೂ ಹಲಗೆ ಹಲಗೆಗೂ ಗುರುತು ಹಾಕಿ, ಹೆಂಚು ಒಂದೊಂದೇ ಇಳಿಸಿ, ಲಾರಿಗೆ ತುಂಬಿ ತಂದು, ಯಾವುದು ಎಲ್ಲಿತ್ತೋ ಅಲ್ಲೇ ಕೂರಿಸ್ಬೇಕು. ನಮ್ಮ ಬಡಗಿಗಳು ಅದ್ರಲ್ಲಿ ಎತ್ತಿದ ಕೈ, ಒಂದು ಮೊಳೆ ಆಚೀಚೆ ಆಗ್ಲಿಲ್ಲ. ಆದ್ರೆ ಮಣ್ಣಿನ ಒಲೆನ ಬಿಚ್ಕೊಂಡು ಬರೋಕಾಗುತ್ತಾ? ಕೈ ಹಾಕಿದ್ರೆ ಪುಡಿ ಪುಡಿ. ಅದಕ್ಕೆ ಒಲೆ ಇಲ್ಲೇ ಹೊಸದಾಗಿ ಹಾಕಿದ್ರು. ಎಲ್ಲಿ ಗೊತ್ತಾ? ಈಗ ಇರೋ ಕಡೆ ಅಲ್ಲ... ಅಗೋ, ಆ ಮೂಲೇಲಿ, ಬಾಗಿಲಿಗೆ ಎದುರಾಗಿ. ನೋಡೋಕೆ ಬಂದೋರು ಹೊಸ್ತಿಲ ಹತ್ರಾನೇ ನಿಂತು ನೋಡ್ಲಿ, ಯಾರ ಸೆರಗಿಗೂ ಬೆಂಕಿ ತಾಗೋದು ಬೇಡ ಅಂತ. ತಪ್ಪು ಅನ್ನೋಕಾಗುತ್ತಾ? ನನ್ನನ್ನ ಕೇಳಿದ್ರೂ ಅಲ್ಲೇ ಹಾಕಿ ಅಂತಿದ್ದೆ.

"ಇನ್ನು ನನ್ನ ಕೆಲಸ ಏನಪ್ಪಾ ಅಂದ್ರೆ, ಬರೀ ಬೀಗ ಅಲ್ಲ, ಹೊಗೆ! ದಿನಾ ಪ್ರತಿ ಮನೇಲೂ ಒಲೆ ಹಚ್ಚಿ ಹೊಗೆ ಹಾಕ್ಬೇಕು. ಇಲ್ದಿದ್ರೆ ತೊಲೆಗೆ ಹುಳ ಬೀಳುತ್ತೆ, ಮನೆ ಒಳಗಿಂದ್ಲೇ ಟೊಳ್ಳಾಗುತ್ತೆ. ಮನೆ ಉಳಿಯೋದು ಸುಣ್ಣದಿಂದಲ್ಲ, ಹೊಗೆಯಿಂದ. ಸಂಜೆ ಹೋಗೋವಾಗ ಬೆಂಕಿಗೆ ನೀರು ಸುರಿದು, ಬೂದಿ ಕೆದಕಿ ನೋಡಿ, ಆಮೇಲೆ ಬೀಗ... ಅದು ಆಫೀಸಿನ ಕಟ್ಟುನಿಟ್ಟು. ನಾನೂ ಹಾಗೇ ಮಾಡ್ತಿದ್ದೆ.

"ಒಂದು ಬೆಳಿಗ್ಗೆ ಬಂದು ಕಸ ಗುಡಿಸ್ತಾ ಇದ್ದೆ. ಬರಿಗಾಲು. ಈ ಮೂಲೇಲಿ, ಈಗ ಒಲೆ ಇದೆಯಲ್ಲ, ಆಗ ಏನೂ ಇರ್ಲಿಲ್ಲ, ಬರೀ ನೆಲ... ಕಾಲಿಟ್ಟೆ. ಬೆಚ್ಚಗಿತ್ತು! ಬೆಕ್ಕು ಮಲಗಿ ಎದ್ದು ಹೋಗಿರ್ಬೇಕು ಅನ್ಕೊಂಡೆ. ಮಾರನೇ ದಿನಾನೂ ಬೆಚ್ಚಗೆ. ಬಿಸಿಲು ಅಂತೀರಾ? ಆ ಮೂಲೆಗೆ ಯಾವ ಕಾಲದಲ್ಲೂ ಬಿಸಿಲು ಬೀಳಲ್ಲ. ಅಂಗೈ ಇಟ್ಟು ನೋಡಿದೆ, ಅಂಗೈಗೆ ಬಿಸಿ. ಪಕ್ಕದಲ್ಲಿ ಇಟ್ಟೆ, ತಣ್ಣಗೆ. ಎಷ್ಟು ಜಾಗ ಗೊತ್ತಾ? ಸರಿಯಾಗಿ ಒಂದು ಒಲೆಯಷ್ಟು..."

ಕಂಡಕ್ಟರು ಒಲೆಯ ಕಡೆಯಿಂದ ಕಾಲು ಎಳೆದುಕೊಂಡರು. ಟೈಲರಮ್ಮನಿಗೆ ಹೆದರಿಕೆಯಾಗಲಿಲ್ಲ. ಆಮೇಲೇನಾಯಿತು ಎಂಬ ಕುತೂಹಲಕ್ಕೆ ಅವಳು ಚಾಪೆಯ ತುದಿಗೆ ಸರಿದಿದ್ದಳು.

"ನಾನು ಯಾರಿಗೂ ಹೇಳ್ಲಿಲ್ಲ. ಹೇಳಿದ್ರೆ ಏನಂತಾರೆ? ಮುದುಕಿಗೆ ಅರಳು ಮರಳು ಅಂತಾರೆ... ಆಗಿನ್ನೂ ಮುದುಕಿ ಆಗಿರ್ಲಿಲ್ಲ, ಆ ಮಾತು ಬೇರೆ. ಆದ್ರೆ ಮಸಿ ಸುಮ್ನಿರುತ್ತಾ? ಬೆಂಕೀನೇ ಕಾಣದ ಮೂಲೆ, ಅದರ ಗೋಡೆ ದಿನ ಹೋದ ಹಾಗೆ ಕಪ್ಪಾಗ್ತಾ ಬಂತು. ಸಾಹೇಬರು ನೋಡಿ ಸುಣ್ಣ ಹೊಡೆಸಿದ್ರು. ಮತ್ತೆ ಕಪ್ಪಾಯ್ತು. ಮತ್ತೆ ಸುಣ್ಣ, ಮತ್ತೆ ಮಸಿ. ಸುಣ್ಣ ಹೊಡೆಯೋನು ನನ್ನ ಮೇಲೆ ಹಾರಾಡ್ದ, ನೀನೇ ಇಲ್ಲಿ ಕದ್ದು ಅಡುಗೆ ಮಾಡ್ತೀಯಾ ಅಂತ! ಮಾಡೋಳಾಗಿದ್ರೆ ನಿನ್ನನ್ನ ಬಿಟ್ಟು ಉಣ್ತಿದ್ನಾ ಅಂದೆ.

"ಹೀಗಿರೋವಾಗ ಈ ಮನೆಯ ಮಗಳು ಒಬ್ಬಳು ನೋಡೋಕೆ ಬಂದ್ಲು. ವಯಸ್ಸಾದ ಹೆಂಗಸು, ಕೋಲು ಊರ್ಕೊಂಡು ಬಂದ್ಲು. ಹೊಸ್ತಿಲು ಸವರಿದ್ಲು, ಕಂಬ ಸವರಿದ್ಲು, ಸಂತೋಷಕ್ಕೆ ಕಣ್ಣಲ್ಲಿ ನೀರು. ಒಳಗೆ ಬಂದು ನೋಡ್ತಾಳೆ... ನಮ್ಮಮ್ಮನ ಒಲೆ ಯಾಕೆ ಅಲ್ಲಿಗೆ ಹೋಯ್ತು ಅಂದ್ಲು. ಎಲ್ಲಿತ್ತು ತಾಯಿ ಅಂತ ಕೇಳಿದೆ. ಕೋಲು ಎತ್ತಿ ತೋರಿಸಿದ್ಲು. ಎಲ್ಲಿಗೆ ಅಂತ ನಾನು ಬೇರೆ ಹೇಳ್ಬೇಕಾ?

"ಆ ಅಮ್ಮ ಒಲೆ ಮುಂದೆ ಕೂತಲ್ಲೇ ಪ್ರಾಣ ಬಿಟ್ಟಿದ್ದಂತೆ. ಕೈಯಲ್ಲಿ ಊದುಗೊಳವೆ ಹಾಗೇ ಇತ್ತಂತೆ. ಅಂಥೋಳಿಗೆ ಸತ್ತಿದ್ದು ಗೊತ್ತಾಗೋಕೆ ಪುರುಸೊತ್ತಾದ್ರೂ ಎಲ್ಲಿತ್ತು ಹೇಳಿ? ಲಾರಿ ಜೊತೆ ಬಂದಳು, ತನ್ನ ಮೂಲೇಲಿ ಕೂತಳು, ಇಲ್ಲದ ಒಲೆ ಹಚ್ಚಿದಳು...

"ನಮ್ಮ ಸಾಹೇಬರು ಒಳ್ಳೆಯವರು, ನಗ್ಲಿಲ್ಲ. ಒಲೆ ಕೀಳಿಸಿ ಇಲ್ಲಿ ಹಾಕಿಸಿದ್ರು. ಅವತ್ತಿಂದ ಮಸಿ ತಕರಾರು ನಿಂತು ಹೋಯ್ತು. ನನಗೂ ಕೆಲಸ ಹಗುರ. ಯಾಕಂತೀರಾ? ಸಂಜೆ ನಾನು ನೀರು ಹುಯ್ದು ಹೋಗ್ತೀನಿ. ಬೆಳಿಗ್ಗೆ ಬೂದಿ ಸರಿಸಿದ್ರೆ ಕೆಳಗೆ ಕೆಂಡ ಇರುತ್ತೆ. ಒಣಗಿದ ಎರಡು ಕಡ್ಡಿ ಇಟ್ರೆ ಸಾಕು. ಊದುಗೊಳವೆ ನಾನು ಎಲ್ಲೇ ಇಟ್ಟಿರ್ಲಿ, ಬೆಳಿಗ್ಗೆ ಒಲೆ ಮೇಲೆ ಅಡ್ಡಡ್ಡ ಮಲಗಿರುತ್ತೆ. ಅದು ಅವಳ ಪದ್ಧತಿ. ಇಷ್ಟು ವರ್ಷ ಒಂದು ದಿನ ತಪ್ಪಿಲ್ಲ."

ಅಜ್ಜಿ ಮಾತು ನಿಲ್ಲಿಸಿ ಒಲೆಗೊಂದು ಕಡ್ಡಿ ತಳ್ಳಿದಳು.

"ತಪ್ಪಿಲ್ಲ ಅಂತ ಈಗ ಹೇಳೋಕಾಗಲ್ಲ. ಹೆಚ್ಚು ಕಮ್ಮಿ ಒಂದು ತಿಂಗಳಿಂದ ಏನೋ ಬೇರೆ ಶುರುವಾಗಿದೆ. ಅಟ್ಟದ ಕೆಳಗೆ ಜೋಡಿಸಿಟ್ಟ ಮಣೆಗಳಲ್ಲಿ ಇನ್ನೊಂದು ಬಂದು ಒಲೆ ಮುಂದೆ ಅವಳ ಮಣೆ ಪಕ್ಕ ಕೂತಿರುತ್ತೆ. ಎತ್ತಿಟ್ರೆ ಮತ್ತೆ ಬರುತ್ತೆ. ಕೊಳವೆ ಅಡ್ಡ ಮಲಗಲ್ಲ, ಗೋಡೆಗೆ ಆನಿಸಿ ನೆಟ್ಟಗೆ ನಿಂತಿರುತ್ತೆ. ಇನ್ನೂ ಒಂದಿದೆ... ಬೆಳಿಗ್ಗೆ ನಾನು ಬೀಗಕ್ಕೆ ಕೀಲಿ ಹಾಕ್ತೀನಲ್ಲ, ಆಗ ಒಳಗಿಂದ ಒಂದು ಸದ್ದು. ಕಬ್ಬಿಣನ ನೆಲಕ್ಕೆ ಕುಟ್ಟಿದ ಸದ್ದು. ಟಕ್ ಟಕ್..."

ಟೈಲರಮ್ಮ ಊದುಗೊಳವೆಯತ್ತ ತಿರುಗಿ ನೋಡಿದಳು.

ಅವಳು ಹುಟ್ಟುವ ಮುಂಚೆ ಯಾವಾಗಲೋ ಕೊಳವೆಯೊಳಗೆ ಕೂತಿದ್ದ ಹುಳವೊಂದು ಅಮ್ಮನ ತುಟಿ ಕಚ್ಚಿತ್ತಂತೆ. ಅಂದಿನಿಂದ ಅಮ್ಮ ಕೊಳವೆಯನ್ನು ಮಲಗಿಸಿ ಇಟ್ಟವಳಲ್ಲ, ನೆಲಕ್ಕೆ ಕುಟ್ಟದೆ ಊದಿದವಳಲ್ಲ. ಬಾಲ್ಯದುದ್ದಕ್ಕೂ ಅವಳಿಗೂ ತಮ್ಮನಿಗೂ ಬೆಳಗಾಗುತ್ತಿದ್ದದ್ದು ಆ ಸದ್ದಿನಿಂದ. ಅವಳ ಕೈಗೂ ಅದೇ ಅಭ್ಯಾಸ ಅಂಟಿಕೊಂಡಿತ್ತು. ಬೇರೆ ಯಾರೂ ಹಾಗೆ ಮಾಡಿದ್ದನ್ನು ಅವಳು ಕಂಡಿರಲಿಲ್ಲ.

"ಆ ಸದ್ದು ಯಾರದು ಅಂತ ನನಗೂ ತಲೆ ಓಡಿರ್ಲಿಲ್ಲ," ಎಂದಳು ಅಜ್ಜಿ. ಈಗ ದನಿ ತಗ್ಗಿತ್ತು, ಕಣ್ಣು ಟೈಲರಮ್ಮನ ಮೇಲಿತ್ತು. "ನೀವು ಒಳಗೆ ಬಂದು ಆ ಕೊಳವೆ ಎತ್ತಿ ಕುಟ್ಟಿದ್ರಲ್ಲ ಮಗಳೇ... ಅದಕ್ಕೇ ಈ ಕತೆ ತೆಗೆದೆ. ಇಲ್ದಿದ್ರೆ ಇವರಿಗೆಲ್ಲ ಬೇರೆ ಕತೆ ಹೇಳ್ತಿದ್ದೆ. ನಿಮ್ಮ ಮನೇಲಿ ಏನಾಗಿದೆ?"

ಟೈಲರಮ್ಮ ತಮ್ಮನಿಗೆ ಫೋನು ಹಚ್ಚಿದಳು.

"ಲೋ, ಅಮ್ಮನ ಒಲೆ ಇದೆಯೇನೋ?"

ಆ ಕಡೆಯಿಂದ ತಮ್ಮನ ದನಿ ಎಲ್ಲರಿಗೂ ಕೇಳಿಸಿತು. "ಅಕ್ಕಾ... ಸಿಮೆಂಟ್ ಮೂಟೆ ಮಳೇಲಿ ನೆನೀತಿತ್ತು, ಒಳಗೆ ಇಡೋಕೆ ಜಾಗ ಇರ್ಲಿಲ್ಲ. ಮ್ಯೂಸಿಯಮ್ಮಿನವರೂ ಬಂದಿದ್ರು, ಒಲೆ ಹೇಗೂ ತಗೊಂಡು ಹೋಗೋಕಾಗಲ್ಲ ಅಂದ್ರು. ಅವತ್ತೇ ಕಿತ್ತಾಕಿಸ್ದೆ. ಆಗ್ಲೇ ಒಂದು ತಿಂಗಳಾಯ್ತು. ನಿನಗೆ ಹೇಳೋಕೆ ಧೈರ್ಯ ಬರ್ಲಿಲ್ಲ ಕಣಕ್ಕ."

ಅವಳಿಗೆ ತಮ್ಮನನ್ನು ಬೈಯಬೇಕೆನ್ನಿಸಿತು. ಬದಲಿಗೆ ಫೋನು ಇಟ್ಟು ಮುಖ ಮುಚ್ಚಿಕೊಂಡು ಅತ್ತಳು. ಮನೆ ಉಳಿಯಬೇಕೋ ಹೋಗಬೇಕೋ ಎಂದು ಅಮ್ಮನ ಪರವಾಗಿ ತಾನು ಲೆಕ್ಕ ಹಾಕುತ್ತಿದ್ದರೆ, ಅಮ್ಮ ಆಗಲೇ ಮನೆ ಬಿಟ್ಟು ಬಂದು ಪರರ ಒಲೆಯ ಮುಂದೆ ಕೂತಿದ್ದಳು. ಮದುಮಗಳು ಗಂಡನ ತೋಳು ಬಿಟ್ಟು ಬಂದು ಅವಳ ಬೆನ್ನು ಸವರಿದಳು.

"ಅವತ್ತು ಮನೆ ನೋಡೋಕೆ ಬಂದಿದ್ರಲ್ಲ, ನಮ್ಮೋರ ಜೀಪು ಹತ್ತಿ ಬಂದಿರ್ಬೇಕು," ಎಂದಳು ಅಜ್ಜಿ ಸಮಾಧಾನದ ದನಿಯಲ್ಲಿ. "ಕೂರೋಕೆ ಒಂದು ಒಲೆ ಬೇಕಲ್ಲ ಪಾಪ."

"ಟಿಕೆಟ್ ಕೇಳೋರಿಲ್ಲ ಅವರನ್ನ," ಎಂದರು ಕಂಡಕ್ಟರು. ತಮಾಷೆಗೆ ಹೊರಟ ಮಾತು ಅರ್ಧದಲ್ಲೇ ಮೆತ್ತಗಾಯಿತು.

ಮಳೆ ಹನಿಗೆ ಇಳಿಯಿತು. ಟೈಲರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ಅಜ್ಜಿ, ಸಹಿ ಇವತ್ತೇ ಹಾಕಿ ಹೋಗ್ತೀನಿ. ಆದ್ರೆ ನಮ್ಮ ಮನೆ ಇಲ್ಲಿ ಎದ್ದಾಗ ಒಲೆ ಯಾವ ಮೂಲೆ, ಯಾವ ಕಡೆ ಮುಖ ಅಂತ ನಾನೇ ನಿಂತು ತೋರಿಸ್ತೀನಿ. ಮಣ್ಣು ಕೂಡ ನಾನೇ ಕಲೆಸ್ತೀನಿ."

"ಹಾಗೆ ಹೇಳಿ ಮತ್ತೆ! ಸಾಹೇಬರಿಗೆ ನಾನೂ ಹೇಳ್ತೀನಿ. ಮೊದಲು ಒಲೆ ಹಾಕ್ಲಿ, ಗೋಡೆ ಆಮೇಲೆ ಏಳ್ಲಿ."

ಅಜ್ಜಿ ಚೊಂಬಿನಿಂದ ಬೆಂಕಿಗೆ ನೀರು ಸುರಿದಳು, ಬೂದಿ ಕೆದಕಿ ನೋಡಿದಳು. ಚಾಪೆ ಸುತ್ತಿಟ್ಟಳು. ಎಲ್ಲರೂ ಅಂಗಳಕ್ಕಿಳಿದರು. ಟೈಲರಮ್ಮ ಕೊನೆಯವಳು. ಹೊಸ್ತಿಲಲ್ಲಿ ನಿಂತು ಕತ್ತಲಾಗುತ್ತಿದ್ದ ಮೂಲೆಯತ್ತ ತಿರುಗಿ, ಶಾಲೆಗೆ ಹೊರಡುವಾಗ ಹೇಳುತ್ತಿದ್ದ ಹಾಗೇ, "ಅಮ್ಮಾ, ಹೋಗಿ ಬರ್ತೀನಿ" ಅಂದಳು. ಒಳಗಿನಿಂದ ಏನೂ ಕೇಳಲಿಲ್ಲ. ಆದರೆ ಅವಳ ಮನಸ್ಸು ಹಗುರವಾಯಿತು.

ಬೀಗದಜ್ಜಿ ಬಾಗಿಲು ಎಳೆಯಲು ಹೋದವಳು ತಡೆದು, ತಲೆ ಒಳಗೆ ಹಾಕಿ ಏನೋ ನೋಡಿದಳು. ಆಮೇಲೆ ನಿಧಾನವಾಗಿ ಬೀಗ ಹಾಕಿದಳು.

"ಬೇಗ ತನ್ನಿ ಮಗಳೇ ಮನೇನ," ಎಂದಳು, ಕೀಲಿ ಸೊಂಟಕ್ಕೆ ಸಿಕ್ಕಿಸುತ್ತಾ. "ಈ ಮನೆಯವಳು ಒಳ್ಳೆಯೋಳೇ, ನಿಮ್ಮಮ್ಮನೂ ಒಳ್ಳೆಯೋರೇ ಇರ್ಬೇಕು... ಆದ್ರೂ ಒಂದೇ ಒಲೆ ಮುಂದೆ ಎಷ್ಟು ಜನ ಅಂತ ಹೊಂದ್ಕೊಂಡಿರ್ತಾರೆ?"

"ಇಬ್ಬರೇ ಅಲ್ವಾ ಅಜ್ಜಿ?" ಎಂದಳು ಮದುಮಗಳು.

"ನೀವೆಲ್ಲ ಒಳಗೆ ಬಂದಾಗ ಒಲೆ ಮುಂದೆ ಎರಡು ಮಣೆ ಇತ್ತು, ನೋಡಿದ್ರಲ್ಲ? ನೀವ್ಯಾರೂ ಮಣೆ ಮುಟ್ಲಿಲ್ಲ, ನಾನೂ ಮುಟ್ಲಿಲ್ಲ..." ಅಜ್ಜಿ ಗೇಟಿನ ಕಡೆ ನಡೆಯತೊಡಗಿದಳು. "ಈಗ ಬೀಗ ಹಾಕೋವಾಗ ಮೂರಿದ್ವು. ಇವತ್ತು ಎಲ್ಲೋ, ಯಾರದೋ ಮನೇಲಿ, ಒಲೆ ಕಿತ್ತಿರ್ಬೇಕು."