ದೇವಿಯ ಮುಂದಿಟ್ಟ ಸೀಸೆ ಕಾಣೆಯಾದ ಬಗ್ಗೆ

ನನ್ನ ಹೆಸರು ಡಾ. ಮಂದಾಕಿನಿ ಗಂಡ ಪ್ರಹ್ಲಾದ ಮಣೂರ, ವಯಸ್ಸು 56 ವರ್ಷ, ಉದ್ಯೋಗ ಔಷಧ ಸಂಶೋಧನೆ, ವಾಸ ಬರ್ಕತ್‌ಪುರ, ಹೈದರಾಬಾದ್. ಈ ದಿನ ಕಾಚಿಗೂಡ ರೈಲ್ವೆ ಪೊಲೀಸ್ ಠಾಣೆಗೆ ಬಂದು, ಕನ್ನಡ ಬಲ್ಲ ಹೆಡ್ ಕಾನ್ಸ್‌ಟೇಬಲ್ ಕಾಶಿನಾಥ ಅವರ ಮುಂದೆ ಹೇಳಿ ಬರೆಸುವುದೇನೆಂದರೆ:

ನಾನು ಜೀಡಿಮೆಟ್ಲಾದ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷಗಳಿಂದ ಕ್ಯಾನ್ಸರ್ ಔಷಧ ಹುಡುಕುವ ಕೆಲಸದಲ್ಲಿದ್ದೇನೆ. ಜೀವಕೋಶ ಒಂದು ಎರಡಾಗಬೇಕಾದರೆ ಅದರ ಡಿಎನ್‌ಎಯ ಎರಡು ಎಳೆಗಳು ಬಿಚ್ಚಿಕೊಳ್ಳಬೇಕು. ಬಿಚ್ಚದಂತೆ ಅವನ್ನು ಹೊಲಿದುಬಿಡುವ ಪದಾರ್ಥ ತಯಾರಿಸುವುದು ನನ್ನ ಕೆಲಸ. ಇಷ್ಟು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು. ಈ ವರ್ಷ ಒಂದು ಪದಾರ್ಥ ಇಲಿಗಳ ಗಡ್ಡೆಯನ್ನು ಕರಗಿಸಿತು. ಮನುಷ್ಯರಿಗೆ ಯಾರಿಗೂ ಕೊಟ್ಟಿಲ್ಲ. ಒಳ್ಳೆಯ ಕೋಶಗಳನ್ನು ಅದು ಎಷ್ಟು ಸುಡುತ್ತದೆ ಎಂಬುದು ಇನ್ನೂ ಗೊತ್ತಿಲ್ಲ.

ನನ್ನ ಗಂಡ ಪ್ರಹ್ಲಾದ, ವಯಸ್ಸು 61, ಸರಕಾರಿ ಲೆಕ್ಕಪತ್ರ ಇಲಾಖೆಯಿಂದ ನಿವೃತ್ತರಾದವರು. ಅವರಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇದೆ. ಇನ್ನು ಕೊಡುವಂಥ ಔಷಧಿ ಉಳಿದಿಲ್ಲವೆಂದು ವೈದ್ಯರು ಹೋದ ವಾರ ಹೇಳಿದರು.

ಈ ದಿನ ಆಯುಧ ಪೂಜೆ. ಪ್ರಯೋಗಾಲಯದಲ್ಲಿ ಯಂತ್ರಗಳಿಗೆ ಪೂಜೆ ಮಾಡಿ, ಆ ವರ್ಷ ಯಾರದಾದರೂ ಪದಾರ್ಥ ಗೆದ್ದಿದ್ದರೆ ಅದರ ಹೆಸರು ಬರೆದ ಖಾಲಿ ಸೀಸೆಯನ್ನು ದೇವಿಯ ಮುಂದೆ ಇಡುವುದು ನಮ್ಮ ರೂಢಿ. ನನ್ನ ಸಹೋದ್ಯೋಗಿ ಸುಶಾಂತ ಈ ಸಲ ತುಂಬಿದ ಸೀಸೆಯನ್ನೇ ಇಟ್ಟಿದ್ದ. ದೇವರಿಗೆ ಖಾಲಿ ಕೊಡುವುದು ಹೇಗೆ ಎಂದು ಆಮೇಲೆ ನನ್ನನ್ನೇ ಕೇಳಿದ. ಡಾಕ್ಟರೇಟ್ ಪಡೆದವನು.

ಪೂಜೆಗೆ ನನ್ನ ಗಂಡನೂ ಬಂದಿದ್ದರು. ಮಧ್ಯಾಹ್ನ 12ಕ್ಕೆ ಮನೆಗೆ ಹೋಗುತ್ತೇನೆಂದು ಆಟೋ ಹತ್ತಿದರು. ಪೂಜೆಯ ತಟ್ಟೆ ಎತ್ತುವಾಗ ಸೀಸೆ ಇರಲಿಲ್ಲ. ಗಂಡನಿಗೆ ಫೋನ್ ಮಾಡಿದೆ. ತಾವು ಕಾಚಿಗೂಡ ಸ್ಟೇಶನ್ನಿನಲ್ಲಿರುವುದಾಗಿಯೂ, ರಾಯಚೂರಿಗೆ ತಮ್ಮ ತಂಗಿ ಶುಭಾಳ ಮನೆಗೆ ಹೊರಟಿರುವುದಾಗಿಯೂ, ಗಾಡಿ ಹತ್ತಿದ ಮೇಲೆ ಸೀಸೆಯಲ್ಲಿದ್ದುದನ್ನು ತೆಗೆದುಕೊಳ್ಳುವುದಾಗಿಯೂ ಹೇಳಿದರು. ಮನೆಯಲ್ಲಿ ಏಕೆ ಬೇಡವೆಂದರೆ, "ಮನ್ಯಾಗ ಏನರೆ ಆತಂದ್ರ ನಿನ್ನ ಮ್ಯಾಲ ಬರ್ತದ" ಎಂದರು. ಇಲಿಯ ತೂಕಕ್ಕೆ ಇಷ್ಟಾದರೆ ತಮ್ಮ ಐವತ್ತೆರಡು ಕಿಲೋಗೆ ಎಷ್ಟು ಎಂದು ಗುಣಿಸಿದ್ದಾಗಿ ತಿಳಿಸಿದರು. ನಂತರ ಫೋನ್ ಸ್ವಿಚ್ ಆಫ್ ಆಯಿತು.

ಗುಣಾಕಾರ ಸರಿಯಾಗಿಯೇ ಇತ್ತು. ಆದರೆ ಇಲಿಯ ದೇಹ ಔಷಧಿಯನ್ನು ಬೇಗ ಉರಿಸಿಬಿಡುತ್ತದೆ, ಮನುಷ್ಯನದು ನಿಧಾನ. ಹಾಗೆ ನೇರವಾಗಿ ಗುಣಿಸಿದರೆ ಸುಮಾರು ಹನ್ನೆರಡು ಪಟ್ಟು ಹೆಚ್ಚಾಗುತ್ತದೆ. ಜೀಡಿಮೆಟ್ಲಾದಿಂದ ಇಲ್ಲಿಗೆ ಸುಮಾರು ಇಪ್ಪತ್ತು ಕಿ.ಮೀ. ಹಬ್ಬದ ಟ್ರಾಫಿಕ್ಕಿನಲ್ಲಿ ಒಂದೂಕಾಲು ಗಂಟೆ ಹಿಡಿಯಿತು. ದಾರಿಯುದ್ದಕ್ಕೂ ಕುಂಬಳಕಾಯಿ ಒಡೆಯುತ್ತಿದ್ದರು. ಪ್ರತಿ ಸಿಗ್ನಲ್ಲಿನಲ್ಲೂ ನಾನು ಡ್ರೈವರನಿಗೆ ಬೈದಿದ್ದೇನೆ, ಅವನದೇನೂ ತಪ್ಪಿರಲಿಲ್ಲ.

ಠಾಣೆಗೆ ಬಂದು ತಿಳಿಸಿದ ಕೂಡಲೇ ಕಾಶಿನಾಥ ಅವರು ನನ್ನೊಡನೆ ಬಂದರು. ರಾಯಚೂರಿನ ಕಡೆಯ ಗಾಡಿ ಇನ್ನೂ ಬಂದಿರಲಿಲ್ಲ. ನನ್ನ ಗಂಡ ಪ್ಲಾಟ್‌ಫಾರ್ಮಿನ ಕಂಬದ ಪಕ್ಕ ನೀರಿನ ಬಾಟಲಿ ಹಿಡಿದು ಕುಳಿತಿದ್ದರು. ಇನ್ನೊಂದು ಕೈಯಲ್ಲಿದ್ದ ಸೀಸೆಯ ಮುಚ್ಚಳ ತೆಗೆದಿರಲಿಲ್ಲ. ಸೀಸೆ ಕೊಡಿರೆಂದರೆ ಮುಷ್ಟಿ ಬಿಗಿ ಮಾಡಿದರು. ಕಾಶಿನಾಥ ಅವರು, "ಅಕ್ಕಾರು ಅಂಜ್ಯಾರಿ, ಕೊಡ್ರಿ ಯಜಮಾನ್ರ" ಎಂದರೂ ಕೇಳಲಿಲ್ಲ. ಹನ್ನೆರಡು ಪಟ್ಟಿನ ತಪ್ಪನ್ನು ನಾನು ವಿವರಿಸಿದೆ. ಗಮನವಿಟ್ಟು ಕೇಳಿದರು.

"ಹಂಗಾದ್ರ ಹನ್ನೆರಡರಾಗ ಒಂದ್ ಪಾಲು ತಗೋತೀನಿ," ಎಂದರು.

ಇದಕ್ಕೆ ನನ್ನ ಬಳಿ ಲೆಕ್ಕವಿರಲಿಲ್ಲ. ಅಷ್ಟು ಕೊಟ್ಟು ಯಾರೂ ನೋಡಿಲ್ಲ.

"ಎಷ್ಟು ತಗೊಂಡ್ರೂ ಅದು ವಿಷಾನ ರೀ. ನಾ ಇಷ್ಟು ವರ್ಷ ಮಾಡಿದ್ದು ವಿಷ," ಎಂದೆ.

ಅವರು ನನ್ನ ಮುಖ ನೋಡಿ ಸೀಸೆ ಕೊಟ್ಟರು. ನನ್ನ ಮಾತನ್ನು ಅವರು ಯಾವತ್ತೂ ನಂಬುತ್ತಾರೆ. ಈಗ ಠಾಣೆಯ ಹೊರಗೆ ಬೆಂಚಿನ ಮೇಲೆ ಕುಳಿತಿದ್ದಾರೆ. ಕಳ್ಳತನವೆಂದು ದಾಖಲಿಸುವುದು ಬೇಡ.

ಬರೆದದ್ದನ್ನು ನನಗೆ ಓದಿ ಹೇಳಲಾಗಿದೆ. ಇದರಲ್ಲಿ ಬರೆಸಿದ್ದೆಲ್ಲ ನಿಜ. ನನ್ನ ಗಂಡನಿಗೆ ಕೊನೆಗೆ ಹೇಳಿದ ಮಾತು ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ.

ಸ್ಥಳ: ಕಾಚಿಗೂಡ
ದಿನಾಂಕ: 01-10-2025
ಸಹಿ: ಮಂದಾಕಿನಿ ಪ್ರ. ಮಣೂರ